ಡಬಲ್ ಕ್ಯಾಬ್ ಪಿಕಪ್ ಹಿಂದೆ ಕ್ಯಾರವಾನ್: ಮೂರೂವರೆ ಟನ್ನಿನ ಲೆಕ್ಕ ನಮ್ಮ ರಸ್ತೆಗೆ ಎಷ್ಟು ಸಲ್ಲುತ್ತದೆ?

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗ ಮತ್ತು ದಾವಣಗೆರೆ ನಡುವೆ ಓಡಾಡುವವರಿಗೆ ಡಬಲ್ ಕ್ಯಾಬ್ ಪಿಕಪ್ ಅಪರೂಪದ ವಾಹನವೇನಲ್ಲ. ಕೆಲಸದವರನ್ನು ಕ್ಯಾಬಿನ್ನಿನಲ್ಲೂ ಅವರ ಸಾಮಾನನ್ನು ಹಿಂದಿನ ಡೆಕ್ಕಿನಲ್ಲೂ ತುಂಬಿಕೊಂಡು ತಿರುಗುವ ಬೊಲೆರೊ ಕ್ಯಾಂಪರ್ ಈ ಸೀಮೆಯಲ್ಲಿ ಬಹಳ ಕಾಲದಿಂದ ಇದೆ. ಈಚೆಗೆ ಅದರ ಜೊತೆ ಕಾಣಿಸಿಕೊಳ್ಳುತ್ತಿರುವುದು ಬಿಳಿ ನಂಬರ್ ಪ್ಲೇಟಿನ, ಸ್ವಂತ ಬಳಕೆಯ ಡಬಲ್ ಕ್ಯಾಬ್: 2016ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಇಸುಝು ವಿ-ಕ್ರಾಸ್ ಮತ್ತು 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್. ತೋಟಕ್ಕೂ ಆಗುತ್ತದೆ, ಸಂಸಾರ ಸಮೇತ ಊರೂರು ಸುತ್ತುವುದಕ್ಕೂ ಆಗುತ್ತದೆ ಎಂಬ ಲೆಕ್ಕದಲ್ಲಿ ಇವುಗಳನ್ನು ಕೊಳ್ಳುವವರ ಮುಂದೆ ಒಂದಲ್ಲ ಒಂದು ದಿನ ಮುಂದಿನ ಪ್ರಶ್ನೆಯೂ ಬಂದು ನಿಲ್ಲುತ್ತದೆ. ಗಾಡಿಗೆ ಇಷ್ಟು ಕಸುವಿರುವಾಗ ಹಿಂದೆ ಒಂದು ಕ್ಯಾರವಾನ್ ಕಟ್ಟಿಕೊಂಡು ವಾಣಿವಿಲಾಸ ಸಾಗರದ ದಂಡೆಗೋ ಹಂಪಿಗೋ ಜೋಗಕ್ಕೋ ಹೋಗಿ, ಲಾಡ್ಜ್ ಹುಡುಕುವ ಗೋಜಿಲ್ಲದೆ ಅಲ್ಲೇ ಮಲಗಿ ಏಳಬಾರದೇಕೆ?

ಈ ಪ್ರಶ್ನೆಗೆ ಆಸ್ಟ್ರೇಲಿಯಾದ ವಿಡಿಯೊಗಳಲ್ಲಿ ಸಿದ್ಧ ಉತ್ತರವೊಂದಿದೆ. ಅಲ್ಲಿ ಹೈಲಕ್ಸ್ ಮತ್ತು ಡಿ-ಮ್ಯಾಕ್ಸ್ (ನಮ್ಮ ವಿ-ಕ್ರಾಸ್ ಅಲ್ಲಿ ಮಾರಾಟವಾಗುವ ಹೆಸರು) ಎರಡಕ್ಕೂ ಎಳೆಯುವ ಸಾಮರ್ಥ್ಯ 3,500 ಕಿಲೋ ಎಂದು ಕಂಪನಿಗಳೇ ಹೇಳುತ್ತವೆ. ಮೂರೂವರೆ ಟನ್ ಎಂದರೆ ಸಾಧಾರಣ ಕ್ಯಾರವಾನ್ ಏನು, ಅಡುಗೆಮನೆ, ಬಚ್ಚಲು, ಎರಡು ಮಂಚ ಎಲ್ಲ ಇರುವ ಪುಟ್ಟ ಮನೆಯನ್ನೇ ಎಳೆಯಬಹುದು ಅನ್ನಿಸುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಈ ಅಂಕಿಯಿಂದ ಲೆಕ್ಕ ಆರಂಭಿಸುವುದೇ ಸರಿಯಲ್ಲ. ಡಬಲ್ ಕ್ಯಾಬ್ ಪಿಕಪ್ಪಿನ ಮಿತಿಯನ್ನು ನಿರ್ಧರಿಸುವುದು ಎಂಜಿನ್ನಿನ ಬಲಕ್ಕಿಂತ ಹೆಚ್ಚಾಗಿ ಅದರ ಬಾಲದ ಮೇಲೆ ಬೀಳುವ ಭಾರ, ಆ ಭಾರ ಬೀಳುವ ಜಾಗ ಮತ್ತು ಟ್ರೇಲರಿಗೆ ಬ್ರೇಕ್ ಇದೆಯೋ ಇಲ್ಲವೋ ಎಂಬುದು. ಇವನ್ನು ಮುಂದಿಟ್ಟುಕೊಂಡು ನೋಡಿದರೆ ನಮ್ಮ ಭಾಗದ ಕುಟುಂಬವೊಂದಕ್ಕೆ ಹೊಂದುವ ಕ್ಯಾರವಾನ್ ಒಂದು ಟನ್ನಿನ ಆಸುಪಾಸಿನದೇ ಹೊರತು ಮೂರೂವರೆ ಟನ್ನಿನದಲ್ಲ.

ಮೊದಲು ಆ ಅಂಕಿಯ ಹಿಂದಿರುವ ಷರತ್ತುಗಳನ್ನು ನೋಡೋಣ. 3,500 ಕಿಲೋ ಎಂಬುದು ಸ್ವಂತ ಬ್ರೇಕ್ ಇರುವ ಟ್ರೇಲರಿಗೆ ಮಾತ್ರ ಅನ್ವಯಿಸುತ್ತದೆ. ಬ್ರೇಕ್ ಇಲ್ಲದ ಟ್ರೇಲರಾದರೆ ಅದೇ ಪಿಕಪ್ಪಿಗೆ ಅಲ್ಲಿ ಹೇಳುವ ಮಿತಿ 750 ಕಿಲೋ. ಕಂಪನಿಯೇ ಒಪ್ಪಿದ ಟೋ ಬಾರ್ (ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂದೆ ಕೂರಿಸುವ ಉಕ್ಕಿನ ಸರಳು) ಇರಬೇಕು, ಚಾಸಿಗೆ ಅದು ನಿಗದಿತ ಜಾಗದಲ್ಲಿಯೇ ಬೋಲ್ಟ್ ಆಗಿರಬೇಕು. ಡಿ-ಮ್ಯಾಕ್ಸ್ ವಿಷಯದಲ್ಲಿ ಇನ್ನೊಂದು ಅಂತರವಿದೆ: ಆ ಸಾಮರ್ಥ್ಯ ಅದರ 3 ಲೀಟರ್ ಡೀಸೆಲ್ ಎಂಜಿನ್ನಿಗೆ ಸೇರಿದ್ದು, ಇಲ್ಲಿ ಮಾರಾಟವಾಗುವ ವಿ-ಕ್ರಾಸ್‌ನಲ್ಲಿರುವುದು 163 ಅಶ್ವಶಕ್ತಿಯ, 360 ನ್ಯೂಟನ್ ಮೀಟರ್ ಟಾರ್ಕಿನ (ತಿರುಗಿಸುವ ಬಲದ) 1.9 ಲೀಟರ್ ಎಂಜಿನ್. ಹೈಲಕ್ಸ್‌ನ 2.8 ಲೀಟರ್ ಎಂಜಿನ್ 204 ಅಶ್ವಶಕ್ತಿಯದು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಟಾರ್ಕ್ 500, ಮ್ಯಾನುಯಲ್ ಆದರೆ 420 ನ್ಯೂಟನ್ ಮೀಟರ್. ಏರಿನಲ್ಲಿ ನಿಂತ ಭಾರವನ್ನು ಕದಲಿಸುವಾಗ ಕ್ಲಚ್ ಪ್ಲೇಟ್ ಸವೆಯದ ಆಟೊಮ್ಯಾಟಿಕ್ ಮೇಲು ಎಂಬುದು ಎಳೆಯುವ ಕೆಲಸದಲ್ಲಿ ಎಲ್ಲ ಕಡೆಯೂ ಒಪ್ಪಿದ ಮಾತು. ಅದೇನೇ ಇರಲಿ, ಇಲ್ಲಿ ಕೊಂಡ ಗಾಡಿಗೆ ಪ್ರಮಾಣ ಇಲ್ಲಿಯ ಕೈಪಿಡಿ. ಒಂದೇ ಹೆಸರಿನ ಗಾಡಿಗೆ ಬೇರೆ ದೇಶದಲ್ಲಿ ಬೇರೆ ಸ್ಪ್ರಿಂಗು, ಬೇರೆ ಒಟ್ಟು ತೂಕ, ಬೇರೆ ಟೈರು ಇರಬಹುದು.

ಇನ್ನು ತೂಕದ ಲೆಕ್ಕ. ಎಳೆಯುವ ವಾಹನಕ್ಕೆ ಒಂದು ಗರಿಷ್ಠ ತೂಕ, ಟ್ರೇಲರಿಗೆ ಒಂದು, ಎರಡೂ ಸೇರಿದ್ದಕ್ಕೆ ಮೂರನೆಯದೊಂದು ಇರುತ್ತದೆ. ಈ ಮೂರನೆಯದು ಮೊದಲೆರಡರ ಮೊತ್ತಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಮೋಸವಾಗುವುದು ಅಲ್ಲೇ. ಲೆಕ್ಕಕ್ಕೆಂದು ಒಂದು ಪಿಕಪ್ಪನ್ನು ಕಲ್ಪಿಸಿಕೊಳ್ಳೋಣ: ಖಾಲಿ ಇದ್ದಾಗ 2,150 ಕಿಲೋ, ಭರ್ತಿಯಾದಾಗ 3,100 ಕಿಲೋ, ಜೋಡಿಯ ಒಟ್ಟು ಮಿತಿ 6,000 ಕಿಲೋ. ಹಿಂದೆ 3,500 ಕಿಲೋ ಕಟ್ಟಿದ ಕೂಡಲೇ ಪಿಕಪ್ಪಿಗೆ ಉಳಿಯುವುದು 2,500. ಅದರಲ್ಲಿ ಗಾಡಿಯ ಸ್ವಂತ ತೂಕ ಕಳೆದರೆ 350 ಕಿಲೋ. ಐದು ಜನ ದೊಡ್ಡವರು ಕುಳಿತರೆ ಅಷ್ಟೂ ಮುಗಿಯಿತು. ಡೆಕ್ಕಿನಲ್ಲಿ ಒಂದು ಕ್ಯಾನ್ ನೀರನ್ನೂ ಇಡುವಂತಿಲ್ಲ. ಹೀಗೆ ಡೆಕ್ ಬೇಕೆಂದೇ ಪಿಕಪ್ ಕೊಂಡವನು ಕ್ಯಾರವಾನ್ ಕಟ್ಟಿದ ದಿನ ಅದನ್ನು ಖಾಲಿ ಬಿಡಬೇಕಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಕೊಂಡಿಯ ಮೇಲಿನ ಭಾರ. ಕ್ಯಾರವಾನ್ ತನ್ನ ತೂಕವನ್ನೆಲ್ಲ ತನ್ನ ಚಕ್ರಗಳ ಮೇಲೆಯೇ ಹೊರುವುದಿಲ್ಲ. ಒಂದು ಪಾಲನ್ನು ಮುಂದಿನ ಕೊಂಡಿಯ ಮೂಲಕ ಎಳೆಯುವ ಗಾಡಿಯ ಬಾಲಕ್ಕೆ ಹಾಕುತ್ತದೆ. ಆಸ್ಟ್ರೇಲಿಯಾದಲ್ಲಿ ಈ ಪಾಲು ಕ್ಯಾರವಾನಿನ ತೂಕದ ಸುಮಾರು ಶೇ. 10 ಇರಬೇಕೆನ್ನುತ್ತಾರೆ, ಬ್ರಿಟನ್ನಿನಲ್ಲಿ ಶೇ. 5ರಿಂದ 7. ನಮ್ಮ ಹಿರಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ: ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕತ್ತನ್ನು ಬಿಗಿಯುತ್ತದೆ, ಆದ್ದರಿಂದ ನೊಗದ ಮೇಲೆ ಒಂದಿಷ್ಟೇ ಭಾರ ಕೂರುವಂತೆ ಹೇರಬೇಕು. ಕ್ಯಾರವಾನಿಗೂ ಅದೇ ನ್ಯಾಯ. ಕೊಂಡಿಭಾರ ತೀರ ಕಡಿಮೆಯಾದರೆ ಹಿಂದಿನದು ಹಾವಿನಂತೆ ಹೊರಳಾಡುತ್ತದೆ; ಹೆಚ್ಚಾದರೆ ಪಿಕಪ್ಪಿನ ಮೂತಿ ಮೇಲೇಳುತ್ತದೆ.

ಮೂತಿ ಮೇಲೇಳುವುದೆಂದರೆ ನೋಡಲಿಕ್ಕೆ ಚೆನ್ನಾಗಿ ಕಾಣದು ಎಂಬಷ್ಟೇ ಅಲ್ಲ. ಹೈಲಕ್ಸ್‌ನ ಒಟ್ಟು ಉದ್ದ 5,325 ಮಿಲಿಮೀಟರ್, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 3,085 ಮಿಲಿಮೀಟರ್. ಹಿಂದಿನ ಆಕ್ಸಲಿನಿಂದ ಕೊಂಡಿಯವರೆಗೆ ಅಂದಾಜು 1.3 ಮೀಟರ್ ಎಂದಿಟ್ಟುಕೊಂಡರೆ, ಕೊಂಡಿಯ ಮೇಲೆ 350 ಕಿಲೋ ಬಿದ್ದಾಗ ಸನ್ನೆಗೋಲಿನ ನಿಯಮದಂತೆ ಹಿಂದಿನ ಆಕ್ಸಲಿನ ಮೇಲೆ ಏರುವ ಭಾರ 350 ಅಲ್ಲ, ಸುಮಾರು 500 ಕಿಲೋ. ಹೆಚ್ಚುವರಿ 150 ಕಿಲೋ ಬಂದದ್ದು ಮುಂದಿನ ಚಕ್ರಗಳಿಂದ. ಸ್ಟಿಯರಿಂಗ್ ತಿರುಗಿಸುವ, ಬ್ರೇಕಿನ ಬಹುಪಾಲು ಕೆಲಸ ಮಾಡುವ ಚಕ್ರಗಳು ಅಷ್ಟು ಹಗುರವಾಗುತ್ತವೆ. ಒದ್ದೆ ರಸ್ತೆಯಲ್ಲಿ ಇದರ ಪರಿಣಾಮ ಚಾಲಕನ ಕೈಗೆ ತಕ್ಷಣ ತಿಳಿಯುತ್ತದೆ. ರಾತ್ರಿಯಲ್ಲಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಬಡಿಯುವುದು ಬೇರೆ.

ಡಬಲ್ ಕ್ಯಾಬಿನ ವಿನ್ಯಾಸವೇ ಇಲ್ಲಿ ಸ್ವಲ್ಪ ಪ್ರತಿಕೂಲ. ಐದು ಜನರ ಕ್ಯಾಬಿನ್ನಿಗೆ ಜಾಗ ಕೊಡಲು ಡೆಕ್ಕನ್ನು ಹಿಂದಕ್ಕೆ ತಳ್ಳಿರುತ್ತಾರೆ. ಅದರ ಒಂದು ಭಾಗ ಆಕ್ಸಲಿನ ಹಿಂದೆಯೇ ಇರುತ್ತದೆ. ಆ ಭಾಗದಲ್ಲಿ ಜನರೇಟರ್, ನೀರಿನ ಕ್ಯಾನು, ಸ್ಟೆಪ್ನಿ, ಐಸ್ ಬಾಕ್ಸ್ ಎಲ್ಲವನ್ನೂ ತುಂಬಿ, ಅದರಾಚೆ ಕ್ಯಾರವಾನಿನ ಕೊಂಡಿಭಾರವನ್ನೂ ಹಾಕಿದರೆ, ಕ್ಯಾಬಿನ್ ಮುಗಿದು ಡೆಕ್ ಆರಂಭವಾಗುವ ಜಾಗದಲ್ಲಿ ಚಾಸಿ ಬಾಗುವ ಒತ್ತಡ ಹೆಚ್ಚುತ್ತದೆ. ಕಚ್ಚಾ ರಸ್ತೆಯ ಕುಲುಕಾಟ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಭಾರದ ಕ್ಯಾರವಾನ್ ಎಳೆದ ಡಬಲ್ ಕ್ಯಾಬ್‌ಗಳ ಚಾಸಿ ಬಾಗಿದ ಪ್ರಕರಣಗಳು ಚಿರಪರಿಚಿತ. ಹಿಂಬದಿ ಕುಸಿಯುತ್ತದೆಂದು ಲೀಫ್ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟನ್ನೋ ಗಾಳಿ ಬ್ಯಾಗನ್ನೋ ಹಾಕಿಸಿದರೆ ಗಾಡಿ ಮಟ್ಟಸವಾಗಿ ನಿಂತಂತೆ ಕಾಣುತ್ತದೆಯೇ ವಿನಾ ಮುಂದಿನ ಆಕ್ಸಲಿಗೆ ಕಳೆದುಹೋದ ಭಾರ ಮರಳುವುದಿಲ್ಲ, ಚಾಸಿಯ ಮೇಲಿನ ಒತ್ತಡವೂ ತಗ್ಗುವುದಿಲ್ಲ. ಒಂದು ಪಾಲು ಭಾರವನ್ನು ಮುಂದಕ್ಕೆ ಮರಳಿಸಲು ಉಕ್ಕಿನ ಸರಳುಗಳಿರುವ, ಭಾರ ಹಂಚುವ ವಿಶೇಷ ಹಿಚ್ ಬೇಕಾಗುತ್ತದೆ. ಅದನ್ನೂ ಪಿಕಪ್ ತಯಾರಿಸಿದ ಕಂಪನಿ ಒಪ್ಪಿರಬೇಕು.

ಟೊಯೊಟಾದವರದೇ ಫಾರ್ಚುನರ್ ಇದೇ ಮೂಲ ವಿನ್ಯಾಸದ, ಇದೇ 2.8 ಲೀಟರ್ ಎಂಜಿನ್ನಿನ ಗಾಡಿ. ಆದರೆ ಅದರಲ್ಲಿ ಕೊಂಡಿ ಹಿಂದಿನ ಆಕ್ಸಲಿಗೆ ಹೆಚ್ಚು ಹತ್ತಿರ, ಹಿಂದೆ ಕಾಯಿಲ್ ಸ್ಪ್ರಿಂಗ್. ಹಗುರ ಕ್ಯಾರವಾನ್ ಎಳೆಯಲು ಅದು ಪಿಕಪ್ಪಿಗಿಂತ ಹೆಚ್ಚು ನೆಮ್ಮದಿಯ ಗಾಡಿ ಎಂದರೆ ಪಿಕಪ್ ಅಭಿಮಾನಿಗಳಿಗೆ ಬೇಸರವಾಗಬಹುದು. ಪಿಕಪ್ಪಿನ ಪರವಾಗಿ ಹೇಳಬೇಕಾದದ್ದೂ ಇದೆ. ಖಾಲಿ ಓಡುವಾಗ ಅದರ ಹಿಂಬದಿ ಹಗುರವಾಗಿ ಪುಟಿಯುತ್ತದೆ; ಕೊಂಡಿಯ ಮೇಲೆ 80ರಿಂದ 100 ಕಿಲೋ ಬಿದ್ದಾಗ ಆ ಸ್ಪ್ರಿಂಗು ಹದಕ್ಕೆ ಬಂದು ಗಾಡಿ ಇನ್ನೂ ಚೆನ್ನಾಗಿಯೇ ಕೂರುತ್ತದೆ. ಒಂದು ಟನ್ನಿನ ಕ್ಯಾರವಾನ್ ಹಾಕುವ ಕೊಂಡಿಭಾರ ಸರಿಸುಮಾರು ಅಷ್ಟೇ. ಕೆರೆಯಂಗಳದ ಮೆತ್ತನೆಯ ನೆಲದಿಂದ ಹೊರಬರಲು ಫೋರ್ ವೀಲ್ ಡ್ರೈವ್, ರಿವರ್ಸಿನಲ್ಲಿ ನಿಧಾನವಾಗಿ ಕೂಡಿಸಲು ಲೋ ರೇಂಜ್ ಗೇರು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಡಾಂಬರಿನ ಮೇಲೆ ಮಾತ್ರ ಈ ಬಗೆಯ ಫೋರ್ ವೀಲ್ ಡ್ರೈವನ್ನು ಹಾಕಬಾರದು.

ಚಿತ್ರದುರ್ಗಕ್ಕೆ ವಿಶೇಷವಾಗಿ ಸಂಬಂಧಿಸಿದ ಸಂಗತಿಯೆಂದರೆ ಗಾಳಿ. ಜೋಗಿಮಟ್ಟಿಯ ಸಾಲಿನಲ್ಲಿಯೂ ಸುತ್ತಲ ಗುಡ್ಡಗಳಲ್ಲಿಯೂ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಮುಂಗಾರು ಮಾರುತ ಬೀಸುವ ತಿಂಗಳುಗಳಲ್ಲಿ, ಅದರಲ್ಲೂ ಆಷಾಢದಲ್ಲಿ, ಪಶ್ಚಿಮ ಮತ್ತು ನೈಋತ್ಯದಿಂದ ಬರುವ ಗಾಳಿ ಈ ಬಯಲಿನಲ್ಲಿ ಅಡೆತಡೆಯಿಲ್ಲದೆ ಹಾಯುತ್ತದೆ. ಇನ್ನು ರಸ್ತೆಗಳ ದಿಕ್ಕನ್ನು ಗಮನಿಸಬೇಕು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿ ವಾಯವ್ಯಕ್ಕೆ ಸಾಗುವುದರಿಂದ ಈ ಗಾಳಿ ಹೆಚ್ಚುಕಡಿಮೆ ಎಡಪಕ್ಕೆಗೇ ತಗಲುತ್ತದೆ. ಚಿತ್ರದುರ್ಗದಿಂದ ಭರಮಸಾಗರ, ಆನಗೋಡು ಹಾದು ದಾವಣಗೆರೆಗೆ ಹೋಗುವಾಗ ರಸ್ತೆ ಪಶ್ಚಿಮಕ್ಕೆ ವಾಲುತ್ತದೆ, ಗಾಳಿ ಓರೆಯಾಗಿ ಮುಂದಿನಿಂದ ಬರುತ್ತದೆ. ಕೂಡ್ಲಿಗಿ, ಹೊಸಪೇಟೆ ಕಡೆಗೆ ಉತ್ತರಾಭಿಮುಖವಾಗಿ ಹೋಗುವ ಹೆದ್ದಾರಿ 50ರಲ್ಲಂತೂ ಅದು ನೇರ ಅಡ್ಡಗಾಳಿ. ಹಂಪಿಗೆ ಹೋಗುವ ಕ್ಯಾರವಾನಿಗೆ ಇದೇ ದಾರಿ.

ಐದು ಮೀಟರ್ ಉದ್ದ, ಎರಡು ಕಾಲು ಮೀಟರಿಗೆ ಸಮೀಪದ ಎತ್ತರದ ಪೆಟ್ಟಿಗೆಯ ಪಕ್ಕದ ಗೋಡೆ ಸುಮಾರು 11 ಚದರ ಮೀಟರ್. ಗಂಟೆಗೆ 40 ಕಿಲೋಮೀಟರ್ ವೇಗದ ಅಡ್ಡಗಾಳಿ ಅದರ ಮೇಲೆ ಹೇರುವ ಬಲ ಸ್ಥೂಲವಾಗಿ 80 ಕಿಲೋ ಭಾರಕ್ಕೆ ಸಮ. ಗಾಳಿ ಒಂದು ಕ್ಷಣ 60ಕ್ಕೆ ಏರಿದರೆ ಅದು 180 ಕಿಲೋ ದಾಟುತ್ತದೆ, ಏಕೆಂದರೆ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಿರಂತರವಾಗಿ ಬೀಸುವ ಗಾಳಿ ಅಷ್ಟು ಕಷ್ಟವಲ್ಲ, ಸ್ಟಿಯರಿಂಗನ್ನು ಸ್ವಲ್ಪ ಅದರತ್ತ ಹಿಡಿದು ಹೋಗಬಹುದು. ಗುಡ್ಡ ಕಡಿದು ಮಾಡಿದ ರಸ್ತೆಯ ಮರೆಯಿಂದ ಬಯಲಿಗೆ ಬಂದ ಕ್ಷಣ, ಮೇಲ್ಸೇತುವೆ ಏರಿದ ಕ್ಷಣ, ಎತ್ತರದ ಕಂಟೇನರ್ ಲಾರಿಯೊಂದನ್ನು ದಾಟಿದ ಕ್ಷಣ ಒಮ್ಮೆಲೇ ಬರುವ ಹೊಡೆತವೇ ಅಪಾಯದ್ದು. ದೊಡ್ಡ ಲಾರಿ ಪಕ್ಕದಲ್ಲಿ ಹಾಯುವಾಗ ಅದು ತಳ್ಳುವ ಗಾಳಿ ಮೊದಲು ಕ್ಯಾರವಾನನ್ನು ಆಚೆಗೆ ದೂಡಿ, ಮರುಕ್ಷಣ ತನ್ನತ್ತ ಎಳೆಯುತ್ತದೆ. ಹೆದ್ದಾರಿ 48ರಲ್ಲಿ ಹಗಲುರಾತ್ರಿ ಲಾರಿಗಳದ್ದೇ ಸಾಲು.

ಇಂಥ ಹೊಡೆತದಿಂದ ಆರಂಭವಾದ ಹೊಯ್ದಾಟ ತಾನಾಗಿ ತಣಿಯುತ್ತದೆಯೋ ಬೆಳೆಯುತ್ತದೆಯೋ ಎಂಬುದು ಮುಖ್ಯವಾಗಿ ವೇಗವನ್ನು ಅವಲಂಬಿಸಿದೆ. ಪ್ರತಿಯೊಂದು ಜೋಡಿಗೂ ಒಂದು ವೇಗವಿದೆ. ಅದರ ಕೆಳಗೆ ಹೊಯ್ದಾಟ ಎರಡು ಮೂರು ತೂಗಿನಲ್ಲಿ ಅಡಗುತ್ತದೆ, ಅದರ ಮೇಲೆ ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಕೊಂಡಿಭಾರ ಕಡಿಮೆಯಿದ್ದರೆ, ನೀರಿನ ಟ್ಯಾಂಕು, ಬ್ಯಾಟರಿ, ಗ್ಯಾಸ್ ಸಿಲಿಂಡರಿನಂಥ ಭಾರದ ವಸ್ತುಗಳನ್ನು ಕ್ಯಾರವಾನಿನ ತುದಿಗಳಲ್ಲಿ ಇಟ್ಟಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಆ ವೇಗ ಕೆಳಗಿಳಿಯುತ್ತದೆ. ಆದ್ದರಿಂದ ಭಾರದ್ದೆಲ್ಲ ಆಕ್ಸಲಿನ ಮೇಲೆ, ನೆಲಕ್ಕೆ ಹತ್ತಿರ. ಹಾಸಿಗೆ ಬಟ್ಟೆಯಂಥವು ಎಲ್ಲಿದ್ದರೂ ಸರಿ. ಹೊಯ್ದಾಟ ಶುರುವಾದಾಗ ಜೋರಾಗಿ ಬ್ರೇಕ್ ಒತ್ತುವುದೂ, ಸ್ಟಿಯರಿಂಗನ್ನು ಅದರ ವಿರುದ್ಧ ತಿರುಗಿಸುತ್ತ ಹೋಗುವುದೂ ಅದನ್ನು ಹೆಚ್ಚಿಸುತ್ತವೆ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗನ್ನು ನೇರ ಹಿಡಿದಿರಬೇಕು; ಕ್ಯಾರವಾನಿನ ಬ್ರೇಕನ್ನಷ್ಟೇ ಪ್ರತ್ಯೇಕವಾಗಿ ಒತ್ತುವ ಅನುಕೂಲವಿದ್ದರೆ ಅದನ್ನು ಮೆಲ್ಲಗೆ ಬಳಸಬೇಕು. 2018ರ ಕೇಂದ್ರ ಅಧಿಸೂಚನೆ ನಾಲ್ಕು ಪಥದ ರಸ್ತೆಗಳಲ್ಲಿ ಕಾರುಗಳಿಗೆ 100, ಸರಕು ವಾಹನಗಳಿಗೆ 80 ಕಿಲೋಮೀಟರ್ ಗರಿಷ್ಠ ವೇಗ ಗೊತ್ತುಪಡಿಸಿದೆ. ಆರ್‌ಸಿಯಲ್ಲಿ ಪಿಕಪ್ ಯಾವ ವರ್ಗದ್ದೇ ಆಗಿರಲಿ, ಕ್ಯಾರವಾನ್ ಕಟ್ಟಿದ ಮೇಲೆ 80 ನನ್ನ ದೃಷ್ಟಿಯಲ್ಲಿ ಮೇಲ್ಮಿತಿ. ಆಷಾಢದ ಗಾಳಿಯಲ್ಲಿ 60 ಕೂಡ ನಿಧಾನವೇನಲ್ಲ.

ಬ್ರೇಕಿನ ವಿಷಯ ಇದಕ್ಕಿಂತ ಸರಳ, ಆದರೆ ನಮ್ಮಲ್ಲಿ ಇದನ್ನೇ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಏಕೆಂದರೆ ಬ್ರೇಕಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳನ್ನು ನೋಡಿ ನೋಡಿ ಕಣ್ಣು ಒಗ್ಗಿಹೋಗಿದೆ. ಟ್ರ್ಯಾಕ್ಟರ್ 25ರ ವೇಗದಲ್ಲಿ ಹೋಗುತ್ತದೆ, ಪಿಕಪ್ 80ರಲ್ಲಿ. ಜನ, ಸಾಮಾನು ಸೇರಿ 2,400 ಕಿಲೋ ಇರುವ ಪಿಕಪ್ಪಿಗೆ ಬ್ರೇಕಿಲ್ಲದ 1,000 ಕಿಲೋ ಕಟ್ಟಿದರೆ, ನಿಲ್ಲಿಸಬೇಕಾದ ರಾಶಿ ಶೇ. 40ರಷ್ಟು ಹೆಚ್ಚಿತು, ನಿಲ್ಲಿಸುವ ಟೈರುಗಳು ಮಾತ್ರ ಅವೇ ನಾಲ್ಕು. ಒಣ ರಸ್ತೆಯಲ್ಲಿ 80ರಿಂದ 35 ಮೀಟರಿನಲ್ಲಿ ನಿಲ್ಲುತ್ತಿದ್ದ ಗಾಡಿಗೆ ಈಗ 50 ಮೀಟರ್ ಬೇಕು, ಅದೂ ಚಾಲಕ ಎಚ್ಚೆತ್ತು ಬ್ರೇಕ್ ಒತ್ತಿದ ಮೇಲೆ. ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ 750 ಕಿಲೋ ದಾಟಿದ ಟ್ರೇಲರಿಗೆ ಬ್ರೇಕ್ ಕಡ್ಡಾಯವಾಗಿರುವುದು ಇದಕ್ಕೇ. ಆಸ್ಟ್ರೇಲಿಯಾದಲ್ಲಿ 2,000 ಕಿಲೋ ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಇರಬೇಕು, ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಬೀಳುವ ಏರ್ಪಾಡೂ ಇರಬೇಕು. ಹಗುರ ಟ್ರೇಲರುಗಳಿಗೆ ಎರಡು ಬಗೆಯ ಬ್ರೇಕುಗಳಿವೆ. ಪಿಕಪ್ ನಿಧಾನಿಸಿದಾಗ ಹಿಂದಿನದು ಮುಂದಕ್ಕೆ ಒತ್ತುವ ಬಲದಿಂದಲೇ ಕೆಲಸ ಮಾಡುವ ಓವರ್‌ರನ್ ಬ್ರೇಕ್ ಒಂದು, ಚಾಲಕನ ಕೈಯಳತೆಯ ನಿಯಂತ್ರಕದಿಂದ ನಡೆಯುವ ಎಲೆಕ್ಟ್ರಿಕ್ ಬ್ರೇಕ್ ಇನ್ನೊಂದು.

ನಮ್ಮ ಬಯಲು ರಸ್ತೆಗಳಲ್ಲಿ ಹೇಗೋ ಸಾಗುವ ಜೋಡಿಯ ನಿಜವಾದ ಪರೀಕ್ಷೆ ಘಾಟಿಯಲ್ಲಿ. ದಾವಣಗೆರೆಯವರು ಕರಾವಳಿಗೆ ಹೊರಟರೆ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಬರುತ್ತಾರೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಇಳಿಜಾರಿನಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಐದೂಕಾಲು ಮೀಟರ್ ಪಿಕಪ್ಪಿಗೆ ಮೂತಿ ಸೇರಿ ಆರು ಮೀಟರಿನ ಕ್ಯಾರವಾನ್ ಕಟ್ಟಿದರೆ ಹನ್ನೊಂದು ಮೀಟರ್ ದಾಟುತ್ತದೆ, ಅದು ಬಸ್ಸಿನ ಉದ್ದ. ಬಸ್ಸಾದರೂ ಒಮ್ಮೆ ಹಿಂದೆ ಸರಿದು ತಿರುವು ಹಿಡಿಯಬಹುದು. ಇದು ಏರಿನಲ್ಲಿ ಹಿಂದೆ ಸರಿದರೆ ಕೊಂಡಿಯಲ್ಲಿ ಮಡಚಿಕೊಳ್ಳುತ್ತದೆ. ಕ್ಯಾರವಾನ್ ಕಟ್ಟಿಕೊಂಡವರು ಆ ದಾರಿಯನ್ನು ಬಿಡುವುದೇ ಲೇಸು. ಜೋಗದವರೆಗಿನ ದಾರಿಗೆ ಈ ತೊಂದರೆಯಿಲ್ಲ. ಇನ್ನು ಊರುಗಳ ಒಳಗೆ ಬಣ್ಣ ಬಳಿಯದ ಹಂಪ್‌ಗಳಿಗೆ ಕ್ಯಾರವಾನಿನ ಹಿಂಬದಿ ಉಜ್ಜುವುದು, ರೈಲ್ವೆ ಕೆಳಸೇತುವೆಗಳ ಎತ್ತರ, ಎರಡೂ ಬದಿಗೆ ಚಾಚುವ ಹೆಚ್ಚುವರಿ ಕನ್ನಡಿಗಳ ಅಗತ್ಯ ಇವೆಲ್ಲ ಹೊರಡುವ ಮೊದಲೇ ನೋಡಿಕೊಳ್ಳಬೇಕಾದವು.

ಕಾನೂನಿನ ಕಡೆ ಬಂದರೆ, ಕ್ಯಾರವಾನ್ ಪ್ರವಾಸೋದ್ಯಮ ಎಂದು ಕೇರಳ, ಮಹಾರಾಷ್ಟ್ರ 2021ರಲ್ಲಿ ನೀತಿ ಪ್ರಕಟಿಸಿದಾಗ ಮುಖ್ಯವಾಗಿ ಗಮನದಲ್ಲಿದ್ದದ್ದು ಎಂಜಿನ್ ಸಮೇತ ಒಂದೇ ವಾಹನವಾಗಿರುವ ಮೋಟಾರ್ ಕ್ಯಾರವಾನ್. ಎಐಎಸ್ 124 ಎಂಬ ಮಾನದಂಡ ಇರುವುದೂ ಅದಕ್ಕೇ. ಎಳೆದೊಯ್ಯುವ ಕ್ಯಾರವಾನ್ ಕಾನೂನಿನ ಕಣ್ಣಿಗೆ ಒಂದು ಟ್ರೇಲರ್. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ; ಆದ್ದರಿಂದ ಅದಕ್ಕೆ ಪ್ರತ್ಯೇಕ ನೋಂದಣಿ ಮತ್ತು ವಿಮೆ ಬೇಕು. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರನ್ನು 2004ರ ಕೇಂದ್ರ ಅಧಿಸೂಚನೆ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆ, ಅಂದರೆ ಬಿಳಿ ಪ್ಲೇಟಿಗೆ ಅಡ್ಡಿಯಿಲ್ಲ. ಅಡ್ಡಿ ಬರುವುದು ತಯಾರಿಕೆಯಲ್ಲಿ. ದಾವಣಗೆರೆ, ಹರಿಹರದ ವರ್ಕ್‌ಶಾಪುಗಳಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟಿದ ನುರಿತ ಕೈಗಳಿಗೆ ಕ್ಯಾರವಾನಿನ ಚೌಕಟ್ಟನ್ನು ವೆಲ್ಡ್ ಮಾಡುವುದು ದೊಡ್ಡ ಕೆಲಸವಲ್ಲ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ಟ್ರೇಲರಿನ ಮಾದರಿಯೂ ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಗೊಳಗಾಗಿ ಒಪ್ಪಿಗೆ ಪಡೆದಿರಬೇಕು. ಆ ಒಪ್ಪಿಗೆಯಿಲ್ಲದ ಕ್ಯಾರವಾನನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡರೆ ಆರ್‌ಟಿಒ ಬಾಗಿಲಲ್ಲಿ ಅದು ನಿಂತುಬಿಡುತ್ತದೆ. ಪಿಕಪ್ಪಿಗೆ ಹೊರಗಿನಿಂದ ಟೋ ಬಾರ್ ಹಾಕಿಸುವವರು ವಾಹನದ ಮಾರ್ಪಾಡಿಗೆ ಸಂಬಂಧಿಸಿದ ಕಾಯ್ದೆಯ 52ನೆಯ ಕಲಮನ್ನೂ, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದನ್ನೂ ನೆನಪಿನಲ್ಲಿಡಬೇಕು. ಕಂಪನಿಯದೇ ಟೋ ಬಾರ್, ಡೀಲರ ಬಿಲ್ಲು ಇದ್ದರೆ ವಾದಕ್ಕೆ ಎಡೆಯಿರುವುದಿಲ್ಲ.

ಚಾಲನಾ ಪರವಾನಗಿಯದು ಅಷ್ಟು ತೊಡಕಿಲ್ಲ. ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಚಾಲಕನ ಪರವಾನಗಿ ಅಸಿಂಧುವಾಗುವುದಿಲ್ಲ ಎಂದು ಕರ್ನಾಟಕದಿಂದಲೇ ಹೋದ ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಮಾನಿಸಿತ್ತು. ಹಗುರ ವಾಹನದ ಪರವಾನಗಿ 7,500 ಕಿಲೋವರೆಗಿನ ಸಾರಿಗೆ ವಾಹನಕ್ಕೂ ಸಲ್ಲುತ್ತದೆ ಎಂದು ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿದಿದೆ. ವಿಮೆಯಲ್ಲಿ ಮಾತ್ರ ಎಚ್ಚರ ಬೇಕು. ಟ್ರ್ಯಾಕ್ಟರಿಗೆ ವಿಮೆಯಿದ್ದು ಟ್ರೇಲರಿಗೆ ಇಲ್ಲದ ಕಾರಣಕ್ಕೆ ಪರಿಹಾರ ಯಾರು ಕೊಡಬೇಕೆಂದು ವರ್ಷಗಟ್ಟಲೆ ನಡೆದ ಮೊಕದ್ದಮೆಗಳು ನಮ್ಮ ಜಿಲ್ಲಾ ನ್ಯಾಯಾಲಯಗಳಿಗೆ ಹೊಸವಲ್ಲ. ಪಿಕಪ್ಪಿನ ಪಾಲಿಸಿಯಲ್ಲಿ ಟ್ರೇಲರ್ ಎಳೆಯುವ ಉಲ್ಲೇಖವಿರಲಿ, ಕ್ಯಾರವಾನಿನ ನಂಬರಿಗೆ ಬೇರೆ ಪಾಲಿಸಿಯೂ ಇರಲಿ. ಟ್ರೇಲರಿನ ಬ್ರೇಕ್ ದೀಪ, ಇಂಡಿಕೇಟರಿಗೆ ಪಿಕಪ್ಪಿನ ವೈರನ್ನು ಸುಲಿದು ಸೇರಿಸುವುದು ಈಚಿನ ಎಲೆಕ್ಟ್ರಾನಿಕ್ ಗಾಡಿಗಳಲ್ಲಿ ವಾರಂಟಿಗೇ ಕುತ್ತು ತರಬಹುದು. ಅದಕ್ಕೆಂದೇ ಬರುವ ಹಾರ್ನೆಸ್ (ಸಿದ್ಧ ವೈರುಗಳ ಕಟ್ಟು) ಹಾಕಿಸಬೇಕು.

ಇಷ್ಟೆಲ್ಲ ಲೆಕ್ಕವನ್ನು ಕಾಗದದ ಮೇಲೆ ಮಾಡುವುದಕ್ಕಿಂತ ವೇಬ್ರಿಡ್ಜಿನ ಮೇಲೆ ಮಾಡುವುದು ಉತ್ತಮ. ಮೆಕ್ಕೆಜೋಳದ ವ್ಯಾಪಾರದ ದಾವಣಗೆರೆಯಲ್ಲಿ, ಗಣಿ ಲಾರಿಗಳ ಚಿತ್ರದುರ್ಗ, ಹೊಳಲ್ಕೆರೆ ಕಡೆಯಲ್ಲಿ ವೇಬ್ರಿಡ್ಜಿಗೆ ಬರವಿಲ್ಲ. ಪ್ರವಾಸಕ್ಕೆ ಹೊರಡುವ ದಿನದಂತೆಯೇ ಎಲ್ಲ ತುಂಬಿ, ಎಲ್ಲರೂ ಕುಳಿತು, ಮೊದಲು ಕ್ಯಾರವಾನ್ ಇಲ್ಲದೆ ಪಿಕಪ್ಪಿನ ಪೂರ್ತಿ ತೂಕ ಹಾಕಿಸಬೇಕು. ಆಮೇಲೆ ಮುಂದಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ ಇನ್ನೊಂದು ತೂಕ. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲಿನ ಭಾರ. ಕ್ಯಾರವಾನ್ ಜೋಡಿಸಿ, ಅದರ ಚಕ್ರಗಳು ತಟ್ಟೆಯ ಹೊರಗಿರುವಂತೆ ನಿಲ್ಲಿಸಿ ಮತ್ತೆ ಎರಡು ತೂಕ ಹಾಕಿಸಿದರೆ ಪಿಕಪ್ ಎಷ್ಟು ಭಾರವಾಯಿತು ಎಂಬುದರಿಂದ ಕೊಂಡಿಭಾರವೂ, ಮುಂದಿನ ಚಕ್ರಗಳು ಎಷ್ಟು ಹಗುರವಾದವು ಎಂಬುದೂ ತಿಳಿಯುತ್ತದೆ. ಕೊನೆಗೆ ಕ್ಯಾರವಾನಿನ ಚಕ್ರಗಳನ್ನಷ್ಟೇ ತೂಗಿಸಬೇಕು. ಲಾರಿಗಳಿಗಾಗಿ ಇರುವ ಈ ಕಾಂಟಾಗಳು ಹತ್ತಿಪ್ಪತ್ತು ಕಿಲೋ ಆಚೀಚೆ ತೋರಿಸಬಹುದು, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಹೀಗೆ ತೂಗಿ ನೋಡಿದವರಿಗೆ ಆಯ್ಕೆಯ ಹರವು ತಾನಾಗಿ ಕಿರಿದಾಗುತ್ತದೆ. ಇಬ್ಬರು ಮಲಗುವ, ಹಿಂಬದಿಯ ಬಾಗಿಲೆತ್ತಿದರೆ ಒಲೆ ಕಾಣುವ, 750 ಕಿಲೋ ಒಳಗಿನ ತಗ್ಗು ಟ್ರೇಲರ್ ಈ ಪಿಕಪ್ಪುಗಳಿಗೆ ಸಲೀಸು. ಎತ್ತರ ಕಡಿಮೆಯಿರುವುದರಿಂದ ಗಾಳಿಯ ಕಾಟವೂ ಕಡಿಮೆ. ನಾಲ್ವರು ಮಲಗುವಂಥದ್ದು ಬೇಕೆಂದರೆ ಬ್ರೇಕ್ ಸಮೇತ 1,000ದಿಂದ 1,200 ಕಿಲೋವರೆಗೆ ಹೋಗಬಹುದು, ಆಗ ಡೆಕ್ಕಿನಲ್ಲಿ ಇಡುವುದನ್ನು ಆಕ್ಸಲಿನ ಮುಂದಕ್ಕೆ ಸರಿಸಿ ಕಟ್ಟಬೇಕು. ಬ್ರಿಟನ್ನಿನಲ್ಲಿ ಹೊಸಬರಿಗೆ ಕ್ಯಾರವಾನಿನ ತೂಕ ಎಳೆಯುವ ಗಾಡಿಯ ತೂಕದ ಶೇ. 85 ಮೀರದಿರಲಿ ಎನ್ನುತ್ತಾರೆ. ಎರಡು ಟನ್ ದಾಟಿದ ಪಿಕಪ್ಪಿಗೆ ಆ ಲೆಕ್ಕ 1,700 ಕಿಲೋ ಮೇಲೆ ಹೋಗುತ್ತದೆ. ಅವರ ರಸ್ತೆ, ಅವರ ಕ್ಯಾರವಾನಿನ ಬ್ರೇಕು, ಅವರ ನಿಲ್ದಾಣಗಳು ಇಲ್ಲಿಲ್ಲದಿರುವಾಗ ಅರ್ಧದಷ್ಟು ತೂಕದ ಬಳಿ ನಿಲ್ಲುವುದು ವಿವೇಕ. ಕ್ಯಾರವಾನೇ ಬೇಡ, ರಾತ್ರಿ ಕಳೆಯಲು ಒಂದು ಗೂಡು ಸಾಕು ಎನ್ನುವವರಿಗೆ ಡೆಕ್ಕಿನ ಮೇಲೆ ಚೌಕಟ್ಟು ನಿಲ್ಲಿಸಿ ಬಿಚ್ಚಿಡುವ ಟೆಂಟ್ ಇದೆ: ಎರಡನೆಯ ನೋಂದಣಿಯಿಲ್ಲ, ಕೊಂಡಿಯಿಲ್ಲ, ಆಗುಂಬೆಯನ್ನೂ ಇಳಿಯಬಹುದು.